ಕಣ್ಣೊರೆಸಿಕೊಳ್ಳಲು ಬಿಟ್ಟ ಜಾಗ

ನಮ್ಮ ಗಾಯಕರು ಎಲೆ-ಅಡಿಕೆಯ ಕವಳ ಹಾಕುತ್ತಿದ್ದರು. ಸುಣ್ಣ ಹಚ್ಚಿದ ಬೆರಳಿನಿಂದಲೇ, ಹಾಡು ನೋಡಿಕೊಂಡು ಹಾಡಲು ಎದುರಿಗಿಟ್ಟ ಟ್ಯಾಬಿನ ಪರದೆಯನ್ನೂ ತಳ್ಳುತ್ತಿದ್ದರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅದರ ಮೇಲೆ ಸುಣ್ಣದ ಬಿಳಿ ಗೆರೆ, ಎಲೆಯ ರಸದ ಕೆಂಪು ಚುಕ್ಕೆ, ಮಾತಾಡುವಾಗ ಹಾರಿದ ಅಡಿಕೆ ಚೂರು ಎಲ್ಲ ಒಣಗಿ ಅಂಟಿಕೊಂಡಿರುತ್ತಿದ್ದವು. ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆಯುವುದು ನನ್ನ ಪಾಲಿಗೆ ಬಂದಿತ್ತು. ಟ್ಯಾಬಿಗೆ ಹಾಡು ತುಂಬುವವಳು ನಾನಾದ್ದರಿಂದ ಅದರ ಮೈ ತೊಳೆಯುವವಳೂ ನಾನೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮೂಗು ಮುರಿಯುತ್ತಲೇ ಮಾಡುತ್ತಿದ್ದೆ. ಆಮೇಲೆ ಬಂದದ್ದರ ಮುಂದೆ ಅದು ಏನೂ ಅಲ್ಲ.

ನಮ್ಮದು ಮೂವರ ತಂಡ. ಗಾಯಕರದು ಶಿರಸಿಯಲ್ಲಿ ಪಾತ್ರೆ ಅಂಗಡಿ. ತಬಲಾದವರು ಸಿದ್ದಾಪುರದವರು, ಮಾಸ್ತರಿಕೆ ಮುಗಿಸಿ ನಿವೃತ್ತರಾದವರು. ನಾನು ಇಸಳೂರಿನ ನಮ್ಮ ಮನೆಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ, ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗೃಹಪ್ರವೇಶ, ಉಪನಯನ, ಅರವತ್ತರ ಶಾಂತಿ, ಹೀಗೆ ಕರೆದಲ್ಲಿಗೆ ಹೋಗಿ ಭಾವಗೀತೆ, ದೇವರನಾಮ ಹಾಡಿ ಬರುತ್ತಿದ್ದೆವು. ಈಚೆಗೆ ನುಡಿನಮನಗಳೂ ಸೇರಿದ್ದವು. ಯಾರಾದರೂ ತೀರಿಕೊಂಡರೆ ಹನ್ನೆರಡು ಹದಿಮೂರನೆಯ ದಿನದ ಹೊತ್ತಿಗೆ ಹತ್ತಿರದವರೆಲ್ಲ ಸೇರಿ ನಾಲ್ಕು ಮಾತಾಡುತ್ತಾರೆ, ನಡುನಡುವೆ ಹಾಡು. ಮೊದಲೆಲ್ಲ ಇರಲಿಲ್ಲ. ಈಗ ಪೇಟೆಯಲ್ಲೂ ಹಳ್ಳಿಯಲ್ಲೂ ಇದೆ.

ಗಾಯಕರ ಕಂಠ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ನಾನು ತಂಡಕ್ಕೆ ಸೇರಿದಾಗ ಅವರಿಗೆ ಹಾಡುಗಳೆಲ್ಲ ಬಾಯಿಗೆ ಬರುತ್ತಿದ್ದವು. ಒಂದು ಆರತಕ್ಷತೆಯಲ್ಲಿ ಚರಣವೊಂದು ಮರೆತು ಅದನ್ನೇ ಎರಡು ಸಲ ಹಾಡಿದರು. ವರನ ಕಡೆಯವರು ಯಾರೋ ನಕ್ಕರು. ಮರುವಾರ ಟ್ಯಾಬ್ ಬಂತು, ಅದನ್ನು ನಿಲ್ಲಿಸುವ ಸ್ಟ್ಯಾಂಡ್ ಬಂತು, ಬೇಡದ ಸಾಲು ದಾಟಿಸಲು ಕಾಲಲ್ಲಿ ಒತ್ತುವ ಪೆಡಲ್ ಬಂತು. ಸಾಹಿತ್ಯ ತಾನಾಗಿ ಮೇಲೆ ಸರಿಯುವ ಆ್ಯಪ್ ಒಂದನ್ನು ಯಾರೋ ಹಾಕಿಕೊಟ್ಟರು. ಅದನ್ನು ಹದಕ್ಕೆ ತರುವ ಕೆಲಸ ನನ್ನದಾಯಿತು.

ನಿಜ ಹೇಳಬೇಕೆಂದರೆ ಮೊದಮೊದಲು ನನಗೆ ಆ ಕೆಲಸ ಇಷ್ಟವಾಗಿತ್ತು. ಒಂದೊಂದು ಹಾಡಿಗೆ ಒಂದೊಂದು ವೇಗ. ಪಲ್ಲವಿ ನಿಧಾನ ಹೋದರೆ ಚರಣ ಬೇಗ ಹೋಗುತ್ತದೆ. ಆ್ಯಪಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ನಿಧಾನದ ಕಡೆ ಸಾಲುಗಳ ನಡುವೆ ಅಂತರ ಹೆಚ್ಚು ಬಿಡಬೇಕು, ನನ್ನ ಕೀಬೋರ್ಡಿನ ತುಣುಕು ಬರುವಲ್ಲಿ ಅದು ಮುಗಿಯುವಷ್ಟು ಖಾಲಿ ಜಾಗ ಇಡಬೇಕು. ಅಕ್ಷರ ದೊಡ್ಡದು ಮಾಡಿದರೆ ಸಾಲು ತುಂಡಾಗಿ ಶಬ್ದದ ಅರ್ಧ ಕೆಳಗೆ ಬೀಳುತ್ತದೆ, ಸಣ್ಣದು ಮಾಡಿದರೆ ಗಾಯಕರ ಕನ್ನಡಕಕ್ಕೆ ಕಾಣುವುದಿಲ್ಲ. ಹಗಲು ಚಪ್ಪರದಲ್ಲಿ ಬೆಳಕು ಹೊಡೆದು ಪರದೆಯಲ್ಲಿ ಅವರ ಮುಖವೇ ಕಾಣುತ್ತಿತ್ತು. ಕಪ್ಪು ಹಿನ್ನೆಲೆಯನ್ನು ಬಿಳಿ ಮಾಡಿ, ಸ್ಟ್ಯಾಂಡನ್ನು ಓರೆ ಮಾಡಿ ಅದನ್ನೂ ಸರಿಪಡಿಸಿದೆ. ಹಾಡಿನ ಜೊತೆ ಸಾಲುಗಳು ಸರಿಯಾಗಿ ಮೇಲೇರುವುದನ್ನು ನೋಡಿದರೆ ಅಡುಗೆ ಹದವಾದಷ್ಟೇ ಸಮಾಧಾನವಾಗುತ್ತಿತ್ತು.

ಆದರೆ ಗಾಯಕರು ಹಾಡುಗಳನ್ನು ಮರೆಯತೊಡಗಿದರು. ಹೊಸ ಹಾಡು ಕಲಿಯುವುದನ್ನಂತೂ ಬಿಟ್ಟೇಬಿಟ್ಟರು. ಒಮ್ಮೆ ಅವರೇ ಎಲ್ಲಿಂದಲೋ ಇಳಿಸಿಕೊಂಡ ದೇವರನಾಮದಲ್ಲಿ ‘ಹರಿ’ ಎಂದಿರಬೇಕಾದಲ್ಲಿ ‘ಹುರಿ’ ಎಂದಿತ್ತು. ಕಣ್ಣು ಅರೆಮುಚ್ಚಿ, ಕೈ ಎತ್ತಿ, ‘ಹುರಿ’ ಎಂದೇ ಹಾಡಿದರು. ಪಲ್ಲವಿ ಮರಳಿ ಬಂದಾಗಲೆಲ್ಲ ಹುರಿ. ತಬಲಾ ಮಾಸ್ತರು ನನ್ನ ಕಡೆ ನೋಡಿ ಕಣ್ಣು ಅಗಲ ಮಾಡಿದರು. ಕೇಳುತ್ತಿದ್ದವರು ತಲೆದೂಗುತ್ತಿದ್ದರು. ಮುಗಿದ ಮೇಲೆ ಹೇಳಿದರೆ ಗಾಯಕರು, “ಹೌದನ? ಯಾರೂ ಎಂತೂ ಹೇಳಿದ್ವಿಲ್ಲೆ ಅಲ್ದ?” ಎಂದು ಕವಳ ಉಗುಳಲು ಹೊರಗೆ ಹೋದರು.

ನಾವು ತಾಲೀಮು ಮಾಡುತ್ತಿದ್ದುದು ಶಿರಸಿಯ ಅವರ ಮನೆಯ ಜಗಲಿಯಲ್ಲಿ. ಅವರ ತಾಯಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವರು, ನಮಗೆ ಕಷಾಯ ಮಾಡಿಕೊಡುತ್ತಿದ್ದರು. ಎಂಬತ್ತು ದಾಟಿದ್ದರೂ ನೆಟ್ಟಗೆ ನಡೆಯುತ್ತಿದ್ದರು. ಲೋಟ ಇಟ್ಟು ಒಳಗೆ ಹೋಗದೆ ಬಾಗಿಲ ಹತ್ತಿರವೇ ಕೂತು ಕೇಳುತ್ತಿದ್ದರು. ಅಂಥ ಒಂದು ಸಂಜೆ ಅವರು ಲೋಟ ತೆಗೆದುಕೊಂಡು ಒಳಗೆ ಹೋದ ಹೊತ್ತಿಗೆ ಗಾಯಕರು ನನ್ನ ಹತ್ತಿರ ಸರಿದು ಕೂತರು.

“ತಂಗೀ, ಹಾಡಿನ ಮಧ್ಯೆ ಆಡ ಮಾತನ್ನೂ ಅದ್ರಲ್ಲೇ ಹಾಕಿಬಿಡು. ಎಂತ ಹೇಳವು ಹೇಳಿ ಅಲ್ಲಿ ಹುಡ್ಕದು ಬೇಡ.”

ಅದರಲ್ಲೇನು ತಪ್ಪು ಎಂದು ನಾನು ಬೆರಳು ಪರದೆಯ ಮೇಲಿಟ್ಟೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ‘ನಮ್ಮಮ್ಮ ನಮ್ಮನ್ನೆಲ್ಲ ಬಿಟ್ಟು ಹೊರಡುವ ಹಿಂದಿನ ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು, ಮಗನೇ, ಆ ಹಾಡು ಇನ್ನೊಮ್ಮೆ ಹೇಳು ಅಂದಳು. ಅವತ್ತು ನನಗೆ ಹಾಡಲಾಗಲಿಲ್ಲ. ಇವತ್ತು ಹಾಡುತ್ತೇನೆ.’

ನನ್ನ ಬೆರಳು ನಿಂತಿತು. “ಅಣ್ಣ, ಆಯಿ ಒಳಗೇ ಇದ್ದಲ!”

“ಮೆಲ್ಲಗೆ ಮಾತಾಡು ಮಾರಾಯ್ತಿ. ಸತ್ತೋತು ಹೇಳಿ ಎಲ್ಲಿ ಬರ್ಸಿದ್ದೆ? ಹೊರಡುವ ಹಿಂದಿನ ಸಂಜೆ ಹೇಳಿ ಇದ್ದು. ಕಾಶಿಗೆ ಹೊರಟಿತ್ತು ಹೇಳಿ ತಿಳ್ಕ.”

“ಆಯಿ ಕಾಶಿಗೆ ಹೋಗಿತ್ತಾ?”

“ಹೋಗ್ತು ಬಿಡು, ಮುಂದೊಂದಿನ.” ಆಮೇಲೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. “ಇಲ್ಲಿ ಒಂಚೂರು ಖಾಲಿ ಬಿಡು.”

“ಎಂತಕ್ಕೆ?”

“ಕಣ್ಣು ಒರ್ಸ್ಕಳಲೆ.”

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಒಳಗಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

ಆ ಮಾತು ಮೊದಲು ಹೊರಬಿದ್ದದ್ದು ದಾಸನಕೊಪ್ಪದ ಹತ್ತಿರದ ಒಂದು ಮನೆಯಲ್ಲಿ. ಮನೆಯ ಯಜಮಾನ, ವಯಸ್ಸಾದ ರೈತರು, ತೀರಿಕೊಂಡಿದ್ದರು. “ಬರ್ರಿ, ಬರ್ರಿ, ಮೊದ್ಲ ಚಾ ಕುಡೀರಿ” ಎಂದು ಅವರ ಮಗ ನಮ್ಮನ್ನು ಪ್ರೀತಿಯಿಂದಲೇ ಒಳಗೆ ಕರೆದ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಎರಡನೆಯ ಹಾಡಿಗೆ ಮೊದಲು ಗಾಯಕರು ಆ ಸಾಲುಗಳನ್ನು ಓದಿದರು. ಓದಿದರು ಎಂದು ಗೊತ್ತಿದ್ದದ್ದು ನನಗೆ ಮತ್ತು ತಬಲಾ ಮಾಸ್ತರಿಗೆ ಮಾತ್ರ. ‘ಅವತ್ತು ನನಗೆ’ ಎನ್ನುವಲ್ಲಿ ದನಿ ಒಡೆಯಿತು. ನಾನು ಬಿಟ್ಟ ಖಾಲಿ ಜಾಗ ಪರದೆಯಲ್ಲಿ ಮೇಲೇರುತ್ತಿತ್ತು. ಅವರು ಕರವಸ್ತ್ರ ತೆಗೆದು ಒಂದು ಕಣ್ಣು ಒರೆಸಿದರು, ಇನ್ನೊಂದು ಕಣ್ಣು ಮುಂದಿನ ಸಾಲಿಗಾಗಿ ಪರದೆಯ ಮೇಲೇ ಇತ್ತು.

ತೀರಿಕೊಂಡವರ ಹೆಂಡತಿ ಅಲ್ಲಿಯವರೆಗೆ ಗೋಡೆಗೊರಗಿ ಸುಮ್ಮನೆ ಕೂತಿದ್ದವರು, ದೊಡ್ಡ ದನಿಯಲ್ಲಿ ಅಳತೊಡಗಿದರು. ಹಾಡು ಮುಗಿದ ಮೇಲೆ ಎದ್ದು ಬಂದು ಗಾಯಕರ ಎರಡೂ ಕೈ ಹಿಡಿದುಕೊಂಡರು. “ನಿಮ್ಮವ್ವನೂ ಹಿಂಗ ಬಿಟ್ಟು ಹೋದ್ರೇನಪ್ಪಾ?”

“ಹೌದ್ರಿ ಅಮ್ಮ,” ಎಂದರು ಗಾಯಕರು.

ವಾಪಸು ಬರುವಾಗ ಕಾರಿನಲ್ಲಿ ಅವರು ಆ ಮನೆಯವರು ಕಟ್ಟಿಕೊಟ್ಟ ಲಾಡು ತಿನ್ನುತ್ತಿದ್ದರು. ತಿನ್ನುತ್ತಲೇ ಹಿಂದೆ ತಿರುಗಿ, “ಕಣ್ಣೊರ್ಸದು ಮುಗ್ಯ ಮೊದ್ಲೇ ಮುಂದಿನ ಸಾಲು ಬಂದೋತು ತಂಗಿ. ಇನ್ನೊಂಚೂರು ಜಾಗ ಬಿಡು” ಎಂದರು. ತುಟಿಯ ಅಂಚಿನಲ್ಲಿ ಬೂಂದಿಯ ಕಾಳು ಅಂಟಿತ್ತು. ನಾನು ಕಿಟಕಿಯ ಗಾಜು ಇಳಿಸಿದೆ. ತಬಲಾ ಮಾಸ್ತರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು. ಅವರಿಗೆ ನಿದ್ದೆ ಬಂದಿರಲಿಲ್ಲ.

ಅವತ್ತೇ ಬಿಡಬಹುದಿತ್ತು. ಮನೆಯಲ್ಲಿ ನನ್ನ ಗಂಡನೂ ಅದನ್ನೇ ಹೇಳಿದರು. ಆದರೆ ಒಳ್ಳೆಯ ತಬಲಾದ ಪಕ್ಕ ಕೂತು ನುಡಿಸುವ ಸುಖ ನಮ್ಮ ಕಡೆ ಬೇಕೆಂದಾಗ ಸಿಗುವುದಿಲ್ಲ. ಮಕ್ಕಳ ಸರಳೆ ಕೇಳಿ ಕೇಳಿ ದಣಿದ ಕಿವಿಗೆ ವಾರಕ್ಕೊಮ್ಮೆಯಾದರೂ ಅದು ಬೇಕಿತ್ತು. ಹಾಗಾಗಿ ಮುಂದೆಯೂ ಹೋದೆ. ಅದೇ ಮಾತು, ಅದೇ ಜಾಗದಲ್ಲಿ ಅದೇ ಕರವಸ್ತ್ರ. ಪ್ರತಿಸಲ ಯಾರಾದರೂ ಅಳುತ್ತಿದ್ದರು. ಆ ಖಾಲಿ ಜಾಗ ಕೆಳಗಿಂದ ಬರುವಾಗ ನಾನು ಕೀಬೋರ್ಡಿನ ಮೇಲೆ ತಲೆ ತಗ್ಗಿಸಿ ಕೂರುತ್ತಿದ್ದೆ.

ಯಲ್ಲಾಪುರದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ತೀರಿಕೊಂಡಾಗ ನಮಗೆ ಕರೆ ಬಂತು. ಗಾಯಕರ ತಾಯಿ ಚಿಕ್ಕಂದಿನಲ್ಲಿ ಅವರ ಜೊತೆ ಒಂದೇ ಶಾಲೆಗೆ ಹೋದವರಂತೆ. ಸುದ್ದಿ ಕಿವಿಗೆ ಬಿದ್ದದ್ದೇ, “ಆನೂ ಬತ್ತೆ” ಎಂದು ಸೀರೆ ಉಟ್ಟು ಹೊರಟು ನಿಂತರು. ಮಗ ಏನು ಹೇಳಿದರೂ ಕೇಳಲಿಲ್ಲ. ಕಾರು ಹತ್ತುವ ಮೊದಲು ಗಾಯಕರು ನನ್ನನ್ನು ಪಕ್ಕಕ್ಕೆ ಕರೆದರು.

“ಆ ಆಯಿ ಮಾತು ಇವತ್ತು ಬೇಡ.”

“ಟ್ಯಾಬ್ ಕೊಡಿ, ಈಗ್ಲೇ ತೆಗಿತೆ.”

“ಡಿಕ್ಕಿಲಿ ಇದ್ದು, ಮೇಲೆ ತಬಲಾ ಎಲ್ಲ ಹೇರಿ ಆಜು. ಇರ್ಲಿ ಬಿಡು, ಅಲ್ಲಿ ಆನೇ ದಾಟಿಸ್ತೆ.”

ಮಂಚಿಕೇರಿ ದಾಟುವವರೆಗೂ ಅವರ ತಾಯಿ ಗೆಳತಿಯ ವಿಷಯ ಹೇಳುತ್ತಿದ್ದರು. ಇಬ್ಬರೂ ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದದ್ದು, ಒಬ್ಬಳ ಲಂಗ ಒದ್ದೆಯಾದರೆ ಇನ್ನೊಬ್ಬಳೂ ಬೇಕೆಂದೇ ಒದ್ದೆ ಮಾಡಿಕೊಳ್ಳುತ್ತಿದ್ದದ್ದು. ಅವರು ಅಳಲಿಲ್ಲ. ಹೇಳುತ್ತ ಹೇಳುತ್ತ ನಕ್ಕರು.

ಸಭಾಭವನ ತುಂಬಿತ್ತು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮೊದಲ ಹಾಡು ಮುಗಿಯಿತು. ಗಾಯಕರ ಭುಜದ ಮೇಲಿಂದ ನನಗೆ ಪರದೆ ಕಾಣುತ್ತಿತ್ತು. ‘ನಮ್ಮಮ್ಮ’ ಎಂಬ ಅಕ್ಷರ ಕೆಳಗಿಂದ ಎದ್ದಿತು. ಈಗ ಪೆಡಲ್ ಒತ್ತುತ್ತಾರೆ, ದಾಟಿಸುತ್ತಾರೆ ಎಂದು ಅವರ ಕಾಲನ್ನೇ ನೋಡಿದೆ. ಕಾಲು ಅಲುಗಲಿಲ್ಲ. ಪರದೆಯಲ್ಲಿ ಬಂದದ್ದನ್ನು ಓದಿ ಓದಿ ಅವರ ಬಾಯಿಗೆ ಅದೇ ರೂಢಿಯಾಗಿಹೋಗಿತ್ತು. ಓದಿಬಿಟ್ಟರು. ‘ಬಿಟ್ಟು ಹೊರಡುವ’ ಎನ್ನುವಾಗ ಅವರ ತಲೆ ತಾಯಿ ಕೂತ ಕಡೆ ತಿರುಗಿ ಮತ್ತೆ ಪರದೆಗೆ ಬಂದದ್ದು ಹಿಂದಿನಿಂದ ಕಂಡಿತು. ತಪ್ಪು ಗೊತ್ತಾಯಿತು ಅವರಿಗೆ. ಆದರೂ ನಿಲ್ಲಿಸಲಿಲ್ಲ. ದನಿ ಒಡೆಯಬೇಕಾದಲ್ಲಿ ಒಡೆಯಿತು. ಕರವಸ್ತ್ರ ಬಂತು.

ಅವರ ತಾಯಿ ಮೊದಲು ಹಿಂದೆ ತಿರುಗಿ ನೋಡಿದರು, ಬೇರೆ ಯಾರದೋ ಅಮ್ಮನ ಮಾತು ಎನ್ನುವ ಹಾಗೆ. ಆಮೇಲೆ ಮಗನನ್ನು ನೋಡಿದರು. ಆಮೇಲೆ ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡುತ್ತ ಕೂತರು. ಆ ಹಾಡಿನಲ್ಲಿ ನಾನು ಏನು ನುಡಿಸಿದೆನೋ ನನಗೇ ಗೊತ್ತಿಲ್ಲ.

ಊಟವಾದ ಮೇಲೆ ತೀರಿಕೊಂಡವರ ಮಗಳು ನಮ್ಮನ್ನು ಹುಡುಕಿಕೊಂಡು ಬಂದಳು. ಅತ್ತೂ ಅತ್ತೂ ಮುಖ ಊದಿತ್ತು. ಗಾಯಕರಿಗೆ ಕೈ ಮುಗಿದು, “ನಿಂಗಳ ಆಯಿ ಹೋಗಿದ್ದು ಯಂಗಕ್ಕೆ ಗೊತ್ತೇ ಇತ್ತಿಲ್ಲೆ. ನಿಮ್ಮ ದುಃಖದಲ್ಲೂ ಬಂದು ಹಾಡಿದ್ರಿ” ಎಂದಳು.

ಗಾಯಕರ ತಾಯಿ ಅವರ ಬೆನ್ನ ಹಿಂದೆಯೇ ನೀರಿನ ಲೋಟ ಹಿಡಿದು ನಿಂತಿದ್ದರು. ಈಗಲಾದರೂ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ಗಾಯಕರು ಕಣ್ಣು ತಗ್ಗಿಸಿ, “ಎಂತ ಮಾಡಲೂ ಬತ್ತಿಲ್ಲೆ,” ಎಂದರು.

ಮಗಳ ಕಣ್ಣು ಹಿಂದೆ ನಿಂತವರ ಮೇಲೆ ಬಿತ್ತು. “ಇವು ಯಾರು?”

“ಇವು… ನಮ್ಮ ಮನೆಯವು.”

‘ಆನೇ ಇವನ ಆಯಿ’ ಎಂದು ಆ ತಾಯಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮಗನನ್ನು ದಾಟಿ ಮುಂದೆ ಬಂದು ಆ ಮಗಳ ಕೆನ್ನೆ ಸವರಿದರು. “ನಿನ್ನ ಆಯಿ, ಆನು, ಇಬ್ರೂ ಒಟ್ಟಿಗೇ ಶಾಲೆಗೆ ಹೋಗಿದ್ದು. ನಿನ್ನ ಆಯಿಗೆ ಹಳ್ಳ ಅಂದ್ರೆ ಹೆದ್ರಿಕೆ ತಂಗಿ, ಯನ್ನ ಕೈ ಬಿಡ್ತಿತ್ತಿಲ್ಲೆ.” ಅಷ್ಟು ಹೇಳಿ ಹೊರಗೆ ನಡೆದರು.

ಕೈ ತೊಳೆಯುವ ಕಡೆ ಗಾಯಕರು ಸಿಕ್ಕರು. ನೆಲದ ಮೇಲೆ ಯಾರದೋ ಎಂಜಲು ಅನ್ನ, ಪಾಯಸ ಹರಡಿ ನೊಣ ಮುತ್ತಿತ್ತು. ಅವರು ಅದರ ನಡುವೆ ನಿಂತು ಬಾಯಿ ಮುಕ್ಕಳಿಸುತ್ತಿದ್ದರು. “ಅಣ್ಣ, ಇನ್ಮೇಲೆ ಆನು ಬತ್ನಿಲ್ಲೆ,” ಎಂದೆ.

“ಎಂತ ಆತು ಈಗ? ಆಯೀನೇ ಸುಮ್ನೆ ಇದ್ದು, ನಿಂಗೆಂತ?” ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಅಲ್ಲಿ ಅಷ್ಟು ಜನ ಅತ್ತ. ಅವ್ರ ಕಣ್ಣೀರು ಸುಳ್ಳಾ ಹೇಳು?”

“ಅವ್ರದ್ದು ಸುಳ್ಳಲ್ಲ. ಅದಕ್ಕೇ ಹೇಸಿಗೆ ಆಗ್ತು.”

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಲು ನಿಲ್ಲಲಿಲ್ಲ. ವಾಪಸು ಬಂದು ಶಿರಸಿಯಲ್ಲಿ ಮನೆ ಮುಂದೆ ಇಳಿಯುವಾಗ ಅವರ ತಾಯಿ ನನ್ನ ಮೊಣಕೈ ಹಿಡಿದು ಇಳಿದರು. ಕೈ ಬಿಡದೆ, “ಆ ಹಾಡು ಬೇಕು ಹೇಳಿ ಕೇಳಿದ್ದೇ ಇಲ್ಲೆ ತಂಗಿ ಆನು. ಯಾವತ್ತೂ ಹೇಳು ಹೇಳಿದ್ದಿಲ್ಲೆ,” ಎಂದರು. ಗೇಟಿನ ಚಿಲಕ ತೆಗೆದು ಒಳಗೆ ಹೋದರು.

ತಂಡ ಈಗಲೂ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ತಬಲಾ ಮಾಸ್ತರು ಒಮ್ಮೆ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, “ನೀ ಬಿಟ್ಟಿದ್ದು ಚೊಲೋ ಆತು” ಎಂದರು. ನೀವೂ ಬಿಡಿ ಎಂದೆ. ತಲೆ ಕೆರೆದುಕೊಂಡರು. ಗಾಯಕರ ತಾಯಿ ಮಗಳ ಮನೆಗೆಂದು ಹೋದವರು ಅಲ್ಲೇ ಉಳಿದಿದ್ದಾರಂತೆ.

ನನಗೆ ಉಳಿದದ್ದು ಇನ್ನೊಂದು ತೊಂದರೆ. ಸಾವಿನ ಮನೆಗೆ ಹೋದರೆ ಸಮಾಧಾನದ ಮಾತು ಬಾಯಿಗೆ ಬರುವುದಿಲ್ಲ. ‘ಒಳ್ಳೆಯವರಾಗಿದ್ದರು’ ಎನ್ನಲು ಹೊರಟರೂ ಅದು ಎಲ್ಲಿಂದಲೋ ಓದಿ ಹೇಳಿದ ಹಾಗೆ ಕೇಳಿಸಿ ಬಾಯಿ ಕಹಿಯಾಗುತ್ತದೆ. ಹೋದ ತಿಂಗಳು ಇಸಳೂರಿನಲ್ಲೇ ಪಕ್ಕದ ಬೀದಿಯ ಹೆಂಗಸು ತೀರಿಕೊಂಡಾಗಲೂ ಹೀಗೇ ಆಯಿತು. ಬಂದವರೆಲ್ಲ ಸೊಸೆಯ ಸುತ್ತ ಕೂತು ಮಾತಾಡುತ್ತಿದ್ದರು. ನಾನು ನೇರವಾಗಿ ಅಡುಗೆಮನೆಗೆ ಹೋಗಿ, ಈಳಿಗೆಮಣೆ ಎಳೆದುಕೊಂಡು, ಅಲ್ಲಿದ್ದ ಸೌತೆಕಾಯಿಗಳನ್ನು ಹೆಚ್ಚತೊಡಗಿದೆ.