ಒಂದು ಚೌಕ, ಒಂದು ಎಳೆ

೨೦೦೪ರ ಬೇಸಿಗೆ. ರಬಕವಿಯ ಕಂಪ್ಯೂಟರ್ ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿ ನೇಕಾರ ಅಕ್ಕನದು. ನಲವತ್ತು ದಾಟಿದ್ದ ಆಕೆ ಟೈಪಿಂಗ್ ಬಿಟ್ಟು, ಬಂದ ದಿನವೆಲ್ಲ ಚಿತ್ರ ಬಿಡಿಸುವ ಪೇಂಟ್ ತೆರೆದು ಸೀರೆಯ ಅಂಚು ಬಿಡಿಸುತ್ತಿದ್ದಳು. ಚಿತ್ರವನ್ನು ಚೌಕಗಳು ಕಾಣುವಷ್ಟು ಹಿಗ್ಗಿಸಿ, ಮಗ್ಗದಲ್ಲಿ ನೇಯುವಂತೆ ಒಂದೊಂದೇ ಸಾಲು ತುಂಬುತ್ತಿದ್ದಳು. “ಒಂದ ಚೌಕ, ಒಂದ ಎಳಿ” ಎಂದು ಗುನುಗುತ್ತಿದ್ದಳು.

ಒಂದು ಭಾನುವಾರ, ತೀರಿಹೋದ ತನ್ನ ಅವ್ವ ನೇಯುತ್ತಿದ್ದ ಅಂಚನ್ನು ನೆನಪಿನಿಂದ ಬಿಡಿಸಲು ಕುಳಿತಳು. ಅಂಥ ಸೀರೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಮೂರು ತಾಸಿನಲ್ಲಿ ಅರವತ್ತೆರಡು ಸಾಲುಗಳಾದವು, ನಾನು ಎಣಿಸಿದ್ದೆ.

“ಅಕ್ಕಾರ, ಸೇವ್ ಮಾಡ್ರಿ,” ಎಂದರು ಸರ್.

“ನೇದದ್ದು ಎಲ್ಲಿಗಿ ಹೋಗತೈತ್ರೀ? ಕೂತು ಬಿಚ್ಚಿದ್ರ ಅಷ್ಟ ಹೋಗೂದು,” ಎಂದು ನಕ್ಕಳು. “ನಿಮ್ಮ ಡಬ್ಬಿ ನಮ್ಮ ಮಗ್ಗಕ್ಕಿಂತ ಕಡಿಮಿ ಏನ್ರಿ?”

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಮತ್ತೆ ಬಂದ ಮೇಲೆ ಪೇಂಟ್ ತೆರೆದರೆ ಹಾಳೆ ಬರಿದಾಗಿತ್ತು.

ಆಕೆ ಅಳಲಿಲ್ಲ. ಸೆರಗಿನಿಂದ ಮೌಸ್ ಒರೆಸಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು. ಸಂಜೆಗೆ ಅಂಚು ಮುಗಿಯಿತು.

“ಎಷ್ಟ ಛಲೋ ಆಗೇತಿ ಅಕ್ಕಾ!” ಎಂದೆ.

“ಛಲೋ ಆಗೇತಿ, ಖರೆ. ಆದ್ರ ಅವ್ವಂದು ಇದಲ್ಲ ತಂಗಿ. ಮುಂಜಾನಿ ಹೋತಲ್ಲ, ಅದು.”

ಈ ಸಲ ತಾನೇ ಸೇವ್ ಒತ್ತಿದಳು. ಕಂಪ್ಯೂಟರ್ ಹೆಸರು ಕೇಳಿತು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ‘ಅವ್ವ’ ಎಂದು ಒತ್ತಿದಳು. ಆಮೇಲೆ ಅಳಿಸಿ, ‘ನಂದು’ ಎಂದು ಬರೆದಳು.