ಲ್ಯಾಗ್ ಅಂದರೆ ಲಗು ಅಲ್ಲ

ಕುಬಿಹಾಳದ ಗುರವ್ವನಿಗೆ ಇಂಗ್ಲಿಷ್ ಬರುತ್ತದೆ ಎಂದರೆ ನಗಬೇಡಿ. ಬಸ್ಸಿನ ಬೋರ್ಡು ಓದಲು ಆಕೆಗೆ ಇಂದಿಗೂ ಪಕ್ಕದವರು ಬೇಕು, ಅದು ನಿಜ. ಆದರೆ ವೈರಿ ಎದುರಿಗಿದ್ದಾನೆ, ಗುಂಡು ತುಂಬು, ಮರೆಗೆ ಸರಿ, ಬಿದ್ದವನನ್ನು ಎಬ್ಬಿಸು ಎಂದು ಇಂಗ್ಲಿಷಿನಲ್ಲಿ ಹೇಳಿ ನೋಡಿ, ನಿಮ್ಮ ಮಾತು ಮುಗಿಯುವ ಮೊದಲೇ ಆಕೆಯ ಬೆರಳು ಆಡುತ್ತದೆ. ಈ ವಿದ್ಯೆಯನ್ನು ಆಕೆ ಕಲಿತದ್ದು ಮಗನ ಮಂಚದ ಬದಿಯಲ್ಲಿ.

ಮಗ ಹೇಮಂತ, ಒಬ್ಬನೇ ಮಗ. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ರೋಗ ಅವನದು. ಎಂಟನೇ ಇಯತ್ತೆಗೆ ಬರುವಷ್ಟರಲ್ಲಿ ಕಾಲು ಬಿದ್ದುಹೋದವು. ಹುಬ್ಬಳ್ಳಿಯ ಡಾಕ್ಟರರು ತಂದೆ ಈರಪ್ಪನನ್ನು ಬಾಜೂಕ ಕರೆದು, ಕಾಲಾದ ಮೇಲೆ ಕೈ, ಕೈಯಾದ ಮೇಲೆ ಉಸಿರು, ಇದಕ್ಕೆ ಔಷಧ ಇಲ್ಲ ಎಂದರು. ಈರಪ್ಪ ಮನೆಗೆ ಬಂದು ಕಾಲಿನದಷ್ಟನ್ನೇ ಹೇಳಿದ. ಉಳಿದದ್ದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಮಗ ಮಾತ್ರ ಫೋನಿನಲ್ಲಿ ಎಲ್ಲವನ್ನೂ ಹುಡುಕಿ ಓದಿಕೊಂಡಿದ್ದ.

ಆ ಫೋನಿನಲ್ಲೇ ಅವನು ಬದುಕಿದ್ದು. ನಾಲ್ಕು ಜನ ಕೂಡಿ ಬಂದೂಕು ಹಿಡಿದು ಆಡುವ ಆಟ. ಅದರಲ್ಲಿ ಹೇಮಂತ ಓಡುತ್ತಿದ್ದ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದ. ಸಂಜೆ ಹೊತ್ತು 'ಲೈವ್' ಹಚ್ಚಿ, "ನಮಸ್ಕಾರ್ರಿ ದೋಸ್ತರ" ಎಂದು ಶುರುಮಾಡುತ್ತಿದ್ದ. ನೋಡುವವರಿಗೆ ಕಾಣುತ್ತಿದ್ದದ್ದು ಆಟ ಮಾತ್ರ. ಹೀಗೆ ಹಾರುವವನು, ಬೆರಳು ಆಡಿದರೂ ತೋಳು ಏಳದೆ, ತನ್ನ ಮೂಗಿನ ಮೇಲಿನ ನೊಣ ಓಡಿಸಲು ಅವ್ವನನ್ನು ಕರೆಯುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ತಂಡದಲ್ಲಿ ಅಸ್ಸಾಮಿನವನೊಬ್ಬನಿದ್ದ, ಆಟದೊಳಗಿನ ಹೆಸರು ರೈನೋ. ಇವನ ಕನ್ನಡ ಅವನಿಗೆ ಬಾರದು, ಅವನ ಭಾಷೆ ಇವನಿಗೆ ಬಾರದು. ಆಟದ ಇಂಗ್ಲಿಷಿನಲ್ಲೇ ಇಬ್ಬರೂ ಜೀವದ ಗೆಳೆಯರಾದರು.

ಒಂದು ಸಂಜೆ ಗುರವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಒಳಗೆ ಮಗ ಲೈವ್‌ನಲ್ಲಿ, "ಕೈ ಭಾಳ ಲ್ಯಾಗ್ ಆಗಾಕತ್ತಾವ್ರಿ ದೋಸ್ತರ" ಅಂದದ್ದು ಕಿವಿಗೆ ಬಿತ್ತು. ಆಕೆಗೆ ಕೇಳಿಸಿದ್ದು 'ಲಗು'. ಈ ಸೀಮೆಯಲ್ಲಿ ಲಗು ಎಂದರೆ ಬೇಗ, ಚುರುಕು. ಶೇಂಗಾ ಮೊರ ಅಲ್ಲೇ ಬಿಟ್ಟು ಪಕ್ಕದ ಮನೆಯ ಖಾಸಿಂಬಿಯ ಹತ್ತಿರ ಓಡಿದಳು.

"ನಮ್ಮ ಹೇಮ್ಯಾನ ಕೈ ಲಗು ಆಗಾಕತ್ತಾವಂತ ಖಾಸಿಂಬಿ! ಅವನ ಬಾಯಿಲೇ ಕೇಳೇನಿ!"

"ಹೌದನ? ನಾ ಹರಕಿ ಹೊತ್ತಿದ್ದೆ ಬೇ. ನಡಿ, ಯಮನೂರಿಗೆ ಹೋಗೂಣು," ಎಂದಳು ಖಾಸಿಂಬಿ.

ಇಬ್ಬರೂ ಬಸ್ಸು ಬದಲಿಸಿ ಯಮನೂರಿಗೆ ಹೋಗಿ, ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದು ಓಣಿಗೆಲ್ಲ ಹಂಚಿದರು. ಗುರವ್ವ ಅಷ್ಟು ಜೋರಾಗಿ ನಕ್ಕಿದ್ದನ್ನು ಓಣಿಯವರು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಹೇಮಂತನ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಅವನು ತಿಂದು ಸುಮ್ಮನಾದ.

ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಅವನ ಬಲಗೈ ಪೂರಾ ಕೈಬಿಟ್ಟಿತು.

"ಬಲಗೈ ಒಲ್ಲೆ ಅಂತೈತಿ ಬೇ," ಎಂದ. "ನೀ ಇಲ್ಲಿ ಕುಂದ್ರು. ನಾ ಎಡಗೈಲೇ ಓಡ್ತೀನಿ, ಹೇಳಿದಾಗ ನೀ ಗುಂಡು ಹೊಡಿ."

"ಕೈ ಲಗು ಆಗ್ಯಾವ ಅಂದಿದ್ದೆಲ್ಲೋ ಯಪ್ಪಾ?"

"ಲ್ಯಾಗ್ ಅಂದಿದ್ದೆ ಬೇ. ಲ್ಯಾಗ್ ಅಂದ್ರ ಲಗು ಅಲ್ಲ. ತಡಾ. ನಾ ಒತ್ತಬೇಕು ಅಂದಿದ್ದು ಒಂದು, ಕೈ ಒತ್ತೋದು ಯಾವಾಗಲೋ ಒಂದು."

"ಮತ್ತ ಸಕ್ಕರಿ ಹಂಚುವಾಗ ಯಾಕ ಸುಮ್ಮನಿದ್ದಿ?"

"ನೀ ಅವತ್ತ ಭಾಳ ನಕ್ಕಿದ್ದಿ. ಅದಕ್ಕ."

ಗುರವ್ವ ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈಗೆ ಆತುಕೊಂಡು ಅತ್ತಳು. ಎರಡು ಭಾಷೆಗಳು ಕೂಡಿಕೊಂಡು ಒಬ್ಬ ತಾಯಿಗೆ ಹೀಗೆ ಮೋಸ ಮಾಡಬಾರದಿತ್ತು. ನನಗಂತೂ ಇವತ್ತಿಗೂ ಸಿಟ್ಟು ಬರುತ್ತದೆ. ಗುರವ್ವನಿಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ, ಮುಖ ತೊಳೆದುಕೊಂಡು ಬಂದು ಮಂಚದ ಬದಿಗೆ ಕುಳಿತಳು.

ಪಾಠ ಶುರುವಾಯಿತು. 'ಲೂಟ್' ಸಲೀಸಾಗಿ ಬಂತು, ಲೂಟಿ ಯಾರಿಗೆ ಗೊತ್ತಿಲ್ಲ? 'ಕವರ್' ಎಂದರೆ ಬಣವಿಯ ಮರೆಗೆ ಸರಿದ ಹಾಗೆ. 'ರಿಲೋಡ್' ಎಂದರೆ ಖಾಲಿ ಟ್ರ್ಯಾಕ್ಟರಿಗೆ ಮತ್ತೆ ಲೋಡು ಏರಿಸಿದ ಹಾಗೆ. 'ನಾಕ್' ಮಾತ್ರ ಬಹಳ ಕಾಡಿತು.

"ನಾಕ್, ನಾಕ್ ಅಂತಿ. ಬಿದ್ದಾಂವ ಒಬ್ಬನ ಅದಾನಲ್ಲೋ?"

ಹೇಮಂತ ಕೆಮ್ಮು ಬರುವ ತನಕ ನಕ್ಕ. "ನಿನ್ನ ಲೆಕ್ಕದ ನಾಕಲ್ಲ ಬೇ. ನಾಕ್ ಅಂದ್ರ ಬಿದ್ದಾನ, ಇನ್ನೂ ಜೀವ ಐತಿ. ದೋಸ್ತರು ಬಂದು ಎಬ್ಬಿಸಬಹುದು. ಅದಕ್ಕ ರಿವೈವ್ ಅಂತಾರ. ಜೀವ ಹೋದ್ರ ಡೆಡ್."

ರಿವೈವ್ ಎಂಬ ಶಬ್ದವನ್ನು ಗುರವ್ವ ಒಂದೇ ಸಲಕ್ಕೆ ಕಲಿತಳು. ರೊಟ್ಟಿ ಬಡಿಯುವಾಗಲೂ ಅದನ್ನು ಬಾಯಲ್ಲಿ ಆಡಿಸುತ್ತಿದ್ದಳಂತೆ.

ಮೊದಮೊದಲು ಆಕೆ ಹೊಡೆದ ಗುಂಡೆಲ್ಲ ಗೋಡೆಗೆ ಬಿದ್ದವು. ಲೈವ್ ನೋಡುವವರು 'ನೂಬ್' ಎಂದು ಬರೆದು ಆಡಿಕೊಂಡರು, ಎಷ್ಟೋ ಮಂದಿ ನೋಡುವುದನ್ನೇ ಬಿಟ್ಟರು. ಹಾಗೆಂದರೇನು ಎಂದು ಅವ್ವ ಕೇಳಿದರೆ, "ಹೊಸಬರು ಅಂತ ಬೇ, ಮರ್ಯಾದಿ ಕೊಟ್ಟು ಬರ್ದಾರ," ಎಂದ ಮಗ. ಆದರೆ ಮೆಣಸಿನಕಾಯಿ ಬಿಡಿಸುವ ಬೆರಳಿಗೆ ಚುರುಕು ಹೇಳಿಕೊಡಬೇಕಾಗಿರಲಿಲ್ಲ. ಯುಗಾದಿಯ ಹೊತ್ತಿಗೆ ಮಗನ ಎಡಗೈ ಮತ್ತು ಅವ್ವನ ಬಲಗೈ ಒಂದೇ ಮೈಯ ಕೈಗಳಾಗಿದ್ದವು. "ಗುಡ್ ಶಾಟ್, ಆಂಟಿ!" ಎಂದು ಅಸ್ಸಾಮಿನಿಂದ ರೈನೋ ಕೂಗಿದ ದಿನ ಗುರವ್ವ ನಾಚಿ ಸೆರಗು ಬಾಯಿಗೆ ಹಿಡಿದಳು.

ಆಮೇಲೆ ಉಸಿರಿನ ಸರದಿ ಬಂತು. ಹೇಮಂತನ ಮಾತುಗಳು ಅರ್ಧಕ್ಕೆ ನಿಲ್ಲತೊಡಗಿದವು. "ಫೈ" ಎಂದರೆ ಫೈರ್, "ಕ" ಎಂದರೆ ಕವರ್. ಅವ್ವ ಅಷ್ಟಕ್ಕೇ ತಿಳಿದುಕೊಳ್ಳುತ್ತಿದ್ದಳು. ಹೊಲದಲ್ಲಿ ಹೆಸರು ಕಾಯಿ ಬಿಡುವ ಕಾಲಕ್ಕೆ ಅವನು ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ಈರಪ್ಪ ಹೆಂಡತಿಯ ಕಾಲ ಹತ್ತಿರ ಕುಳಿತು, "ನನಗ ಮೊದಲ ಗೊತ್ತಿತ್ತು" ಎಂದ. ಗುರವ್ವ ಅವನನ್ನು ಬೈಯಲೂ ಇಲ್ಲ.

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಹೇಮಂತನ ಫೋನು ಸದ್ದು ಮಾಡಿತು. ರೈನೋ ಆಟಕ್ಕೆ ಕರೆಯುತ್ತಿದ್ದ. ಹಸಿರು ಗುಂಡಿ ಯಾವುದೆಂದು ಗುರವ್ವನಿಗೆ ಗೊತ್ತಿತ್ತು, ಒತ್ತಿದಳು.

"ಬ್ರೋ! ಮೆನಿ ಡೇಸ್ ಆಫ್‌ಲೈನ್! ವ್ಹೇರ್ ಆರ್ ಯೂ, ಬ್ರೋ?"

ಇವನಿಗೆ ಹೇಳಲೇಬೇಕು. ಇವನೂ ಮಗನ ಗೆಳೆಯ, ಹತ್ತಿರದವರಲ್ಲಿ ಸುದ್ದಿ ಮುಟ್ಟದೆ ಉಳಿದವನು ಇವನೊಬ್ಬನೇ. ತಾನು ಕಲಿತ ಇಂಗ್ಲಿಷನ್ನೆಲ್ಲ ಗುರವ್ವ ತಡಕಾಡಿದಳು. ಇದಕ್ಕೆ ಆಗುವ ಶಬ್ದ ಒಂದೇ ಒಂದಿತ್ತು.

"ಹೇಮಂತ... ಡೆಡ್," ಎಂದಳು.

ಆ ಕಡೆಯಿಂದ ನಗು ಕೇಳಿಸಿತು. "ಓ, ನೋ ಪ್ರಾಬ್ಲಮ್, ಆಂಟಿ! ಟೆಲ್ ಹಿಮ್, ನೆಕ್ಸ್ಟ್ ಮ್ಯಾಚ್!"

ಅವನ ತಪ್ಪೇನೂ ಇರಲಿಲ್ಲ. ಆ ಆಟದಲ್ಲಿ ಎಲ್ಲರೂ ದಿನಾ ಸಾಯುತ್ತಾರೆ. ಅಲ್ಲ ಯಪ್ಪಾ, ಇದು ಆ ಡೆಡ್ ಅಲ್ಲ ಎಂದು ಹೇಳಲು ಗುರವ್ವ ಬಾಯಿ ತೆರೆದಳು. ಅಷ್ಟು ಇಂಗ್ಲಿಷನ್ನು ಮಗ ಕಲಿಸಿರಲಿಲ್ಲ.

"ಓಕೆ," ಎಂದಳು.