ಮೂರನೆಯವನ ವಿಮೆ

ಮನುಷ್ಯನಿಗೆ ಮುಪ್ಪು ಬಂದ ಮೇಲೆ ವಯಸ್ಸು ಕೇಳಿದರೆ ಎರಡು ವರ್ಷ ಕೂಡಿಸಿ ಹೇಳುತ್ತಾನೆ. ಅವನ ಕಾರಿನ ವಯಸ್ಸು ಕೇಳಿದರೆ ನಾಲ್ಕು ವರ್ಷ ಕಳೆದು ಹೇಳುತ್ತಾನೆ. ಹಾನಗಲ್ಲಿನಲ್ಲಿ ವಕೀಲಿ ಮಾಡುತ್ತಿದ್ದ ನಾನೂ ಈ ಗಣಿತದಲ್ಲಿ ಪಾರಂಗತನಾದದ್ದು ಅರವತ್ತರ ದಶಕದ ಆರಂಭದಲ್ಲಿ, ಸವಣೂರಿನ ಹಳೆಯ ಮನೆತನವೊಂದರಿಂದ ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರೊಂದನ್ನು ಕೊಂಡ ಮೇಲೆ. ಆ ಮನೆಯವರು ಅದನ್ನು ಹಬ್ಬಕ್ಕೊಮ್ಮೆ ಹೊರಗೆ ತೆಗೆದು, ಊರಿಗೊಂದು ಸುತ್ತು ಹಾಕಿಸಿ, ಮತ್ತೆ ಮುಸುಕು ಹೊದಿಸಿ ಮಲಗಿಸುತ್ತಿದ್ದರು. ಅಂಥ ಅಂತಃಪುರವಾಸಿಯನ್ನು ನಾನು ದಿನಾ ಶಿಗ್ಗಾಂವಿ, ಹಿರೇಕೆರೂರು ಕೋರ್ಟುಗಳ ಧೂಳಿಗೆ ಎಳೆದೆ.

ಬೀದಿಗಿಳಿದ ಕಾರಿಗೆ ವಿಮೆ ಬೇಕಲ್ಲ? ಹಿರೇಕೆರೂರಿನ ವಿರೂಪಾಕ್ಷಪ್ಪ ನನ್ನ ಗೆಳೆಯ, ವಿಮೆಯ ಏಜೆಂಟ. ಇಂಥ ಹಳೆಯ ಗಾಡಿ ದಿನಾ ಓಡುತ್ತದೆಂದರೆ ಕಂಪನಿಯವರು ಹಿಂದೆಮುಂದೆ ನೋಡುತ್ತಾರೆ, ಹಬ್ಬ-ಮದುವೆಗಷ್ಟೇ ತೆಗೆಯುತ್ತೇವೆಂದು ಬರೆದರೆ ಎಲ್ಲ ಸುಸೂತ್ರ ಎಂದು ಅವನು ಸಲಹೆ ಕೊಟ್ಟ. ನಾನು ತಲೆಯಾಡಿಸುವಷ್ಟರಲ್ಲಿ, ಚಹಾ ತಂದಿಟ್ಟ ನನ್ನ ಹೆಂಡತಿ ಶಾಂತಾ ಅಲ್ಲೇ ನಿಂತಳು.

“ದಿನಾ ಕೋರ್ಟಿಗೆ ಹೋಗೋದು ಯಾವ ಹಬ್ಬರಿ? ಖರೇ ಏನೈತಿ ಅದನ್ನ ಬರೀರಿ.”

ಖರೆಯನ್ನೇ ಬರೆದೆವು. ಕಂಪನಿಯಿಂದ ಬಂದ ಸಾಹೇಬರು ಕಾರನ್ನು ಸುತ್ತಿ, ಬಗ್ಗಿ, ಓಡಿಸಿಯೂ ನೋಡಿದರು. ಈ ಗಾಡಿಗೇನಾದರೂ ಆದರೆ ನಾವು ಜವಾಬ್ದಾರರಲ್ಲ, ಇದರಿಂದ ಬೇರೆಯವರಿಗೆ ಪೆಟ್ಟಾದರೆ ಮಾತ್ರ ಹೊಣೆ ಎಂದರು. ಒಂದನೆಯವ ನಾನು, ಎರಡನೆಯದು ಕಂಪನಿ, ಆ ಬೇರೆಯವನು ಮೂರನೆಯವ. ನಾನು ದಿನಾ ಒರೆಸಿ ಮುದ್ದಿಸುವ ಕಾರಿಗೆ ಬೆಲೆಯಿಲ್ಲ, ಇನ್ನೂ ಹೆಸರೇ ಗೊತ್ತಿಲ್ಲದ ಯಾವನಿಗೋ ರಕ್ಷಣೆ! ನನಗೆ ಅವಮಾನವೇ ಆಯಿತು.

ಅದೇ ವರ್ಷ ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ, ತಿಳವಳ್ಳಿಯ ಕಕ್ಷಿದಾರರೊಬ್ಬರನ್ನು ಕಂಡು ಹಿರೇಕೆರೂರು ಕೋರ್ಟಿಗೆ ಹೊರಟಿದ್ದೆ. ಊರಾಚೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಭತ್ತದ ಚಕ್ಕಡಿ. ಅದನ್ನು ತಪ್ಪಿಸಲು ಗಾಲಿ ಹೊರಳಿಸಿದೆ. ರಸ್ತೆಯ ಬದಿಗೆ ಬಳೆಯ ಮಲಾರ ಹೊತ್ತು ಹೊರಟಿದ್ದವನಿಗೆ ಕಾರಿನ ಮೂಲೆ ಬಡಿಯಿತು. ಬದುವಿಗೆ ತಾಗಿ ನಿಂತ ಕಾರಿನಿಂದ ಇಳಿದು ಓಡಿದಾಗ ಕಾಲಡಿಯಲ್ಲೆಲ್ಲ ಹಸಿರು ಬಳೆಚೂರು. ನಡುವೆ ಅವನು ಕಾಲು ಹಿಡಿದುಕೊಂಡು ಕುಳಿತಿದ್ದ. ಅದೇ ಚಕ್ಕಡಿಯಲ್ಲಿ ಅವನನ್ನು ಮಲಗಿಸಿ ತಿಳವಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಹಾನಗಲ್ಲಿನ ದವಾಖಾನೆಗೆ ಒಯ್ದೆವು. ಮೂರನೆಯವನಿಗೆ ಹೆಸರು ಸಿಕ್ಕಿತು: ಬಸಪ್ಪ.

ವಿಚಾರಣೆಗೆ ಮನೆಗೆ ಬಂದ ಕಂಪನಿಯವರ ಮೊದಲ ಪ್ರಶ್ನೆಯೇ, ಅಂದು ಎಲ್ಲಿಗೆ ಹೊರಟಿದ್ದಿರಿ ಎಂದು. ಕೋರ್ಟಿಗೆ, ದಿನದಂತೆ, ಎಂದೆ. ಬರೆದದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಯಿತು. ಬಸಪ್ಪನ ಪರಿಹಾರಕ್ಕೆ ತಕರಾರು ಬರಲಿಲ್ಲ. ಪಕ್ಕದಲ್ಲಿದ್ದ ವಿರೂಪಾಕ್ಷಪ್ಪ ಶಾಂತಾಳ ಮುಖ ನೋಡಿ ಚಹಾ ಕುಡಿದ. ನಮ್ಮ ವ್ಯಾಕರಣದಲ್ಲಿ ‘ನಾನು’ ಎನ್ನುವವನು ಉತ್ತಮ ಪುರುಷ, ‘ಅವನು’ ಎನಿಸಿಕೊಳ್ಳುವವನು ಪ್ರಥಮ ಪುರುಷ. ಚಿಕ್ಕಂದಿನಲ್ಲಿ ಇದೆಂಥ ತಲೆಕೆಳಗು ಲೆಕ್ಕವೆಂದು ನಕ್ಕಿದ್ದೆ. ಎದುರಿಗಿಲ್ಲದವನನ್ನೇ ಮೊದಲು ಎಣಿಸಬೇಕೆಂದು ಹಳಬರಿಗೆ ತಿಳಿದಿತ್ತೋ ಏನೋ.

ಬಸಪ್ಪನ ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಊರೂರು ನಡೆಯುವುದು ನಿಂತು, ತಿಳವಳ್ಳಿಯ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ ಇಟ್ಟ. ನೋಡಲು ಹೋದ ನಾನು ಹೊರಗೇ ನಿಂತಿದ್ದಾಗ ಅವನೇ ಚಾಪೆ ಸರಿಸಿದ.

“ಕುಂದ್ರಿ ವಕೀಲ್ರ. ನಿಮ್ಮ ಗಾಡಿ ನೋಡಿದಾಗೆಲ್ಲಾ ಒಂದಿನ ಅದರಾಗ ಹೋಗಬೇಕಂತ ಆಸೆ ಇತ್ರಿ. ಅದರ ಕೆಳಗ ಅಲ್ಲ.”

ನಗಬೇಕೋ ಬಾರದೋ ತಿಳಿಯಲಿಲ್ಲ. ಅವನು ನಕ್ಕ ಮೇಲೆ ನಾನೂ ನಕ್ಕೆ, ಕಣ್ಣು ಮಾತ್ರ ಒದ್ದೆಯಾಗಿತ್ತು.

ಬ್ರೇಕು ಪೂರಾ ಹೊಸದಾಗಿ ಹಾಕಿಸಿದೆ. ಅಂದಿನಿಂದ ಹಿರೇಕೆರೂರಿನ ಸಂತೆಯ ದಿನ ಬಸಪ್ಪ ಬಳೆಯ ಗಂಟಿನೊಂದಿಗೆ ನನ್ನ ಪಕ್ಕದಲ್ಲಿ ಕೂತು ಬರತೊಡಗಿದ. ದಾರಿಯುದ್ದಕ್ಕೂ ಮಳೆ-ಬೆಳೆ, ಬೀಗರು-ಬಿಜ್ಜರ ಮಾತು. ಆ ಇಳಿಜಾರು ಬಂದಾಗ ಮಾತ್ರ, ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಅವನ ಗಟ್ಟಿ ಕಾಲು ಕಾರಿನ ನೆಲವನ್ನು ಬಲವಾಗಿ ಒತ್ತಿ ಹಿಡಿದಿರುತ್ತಿತ್ತು.